ರೇಡ್: ಹಾರ್ಡ್ ಡಿಸ್ಕ್ ವ್ಯೂಹ

ರೇಡ್ ಎಂದರೆ ಎರಡು ಅಥವಾ ಹೆಚ್ಚು ಹಾರ್ಡ್ ಡಿಸ್ಕ್‌ಗಳನ್ನು ಕೂಡಿಸಿ, ಕಂಪ್ಯೂಟರಿಗೆ ಅವೆಲ್ಲ ಒಂದೇ ಡಿಸ್ಕ್ ಎಂಬಂತೆ ತೋರಿಸುವ ದತ್ತಾಂಶ ಸಂಗ್ರಹಣ ವಿಧಾನ. ಹೀಗೆ ಕೂಡಿಸಿದ ಡಿಸ್ಕ್‌ಗಳ ಗುಂಪನ್ನು ವ್ಯೂಹ ಎನ್ನುತ್ತಾರೆ. ಓದುವ ಮತ್ತು ಬರೆಯುವ ವೇಗವನ್ನು ಹೆಚ್ಚಿಸುವುದು, ಒಂದು ಡಿಸ್ಕ್ ಕೆಟ್ಟರೂ ದತ್ತಾಂಶ ಉಳಿಯುವಂತೆ ಮಾಡುವುದು, ಇಲ್ಲವೇ ಎರಡನ್ನೂ ಬೇಕಾದ ಪ್ರಮಾಣದಲ್ಲಿ ಪಡೆಯುವುದು ಇದರ ಉದ್ದೇಶ. ದತ್ತಾಂಶವನ್ನು ಡಿಸ್ಕ್‌ಗಳ ನಡುವೆ ಹಂಚುವ ಬಗೆಯನ್ನು ಅನುಸರಿಸಿ ರೇಡ್‌ನಲ್ಲಿ ಹಲವು ಹಂತಗಳಿದ್ದು, ಅವನ್ನು ಅಂಕಿಗಳಿಂದ ಗುರುತಿಸಲಾಗುತ್ತದೆ. ಈ ಅಂಕಿಗಳು ಬಗೆಯ ಗುರುತುಗಳೇ ಹೊರತು ಗುಣಮಟ್ಟದ ಮೆಟ್ಟಿಲುಗಳಲ್ಲ. ರೇಡ್ 5 ಎಂಬುದು ರೇಡ್ 1ಕ್ಕಿಂತ ಐದು ಪಟ್ಟು ಸುರಕ್ಷಿತವೇನಲ್ಲ.

ಹಿನ್ನೆಲೆ

ಡಿಸ್ಕ್‌ಗಳನ್ನು ಜೋಡಿಯಾಗಿ ಬಳಸುವ ಪದ್ಧತಿ ರೇಡ್ ಎಂಬ ಹೆಸರಿಗಿಂತ ಹಳೆಯದು. ವಹಿವಾಟು ಒಂದು ಕ್ಷಣವೂ ನಿಲ್ಲಬಾರದ ಬ್ಯಾಂಕುಗಳು ಮತ್ತು ವಿನಿಮಯ ಕೇಂದ್ರಗಳಿಗಾಗಿ ಅಮೆರಿಕದ ಟ್ಯಾಂಡಮ್ ಕಂಪನಿ 1970ರ ದಶಕದಲ್ಲಿ ತಯಾರಿಸಿದ ನಾನ್‌ಸ್ಟಾಪ್ ಕಂಪ್ಯೂಟರುಗಳಲ್ಲಿ ಒಂದೇ ದತ್ತಾಂಶವನ್ನು ಎರಡು ಡಿಸ್ಕ್‌ಗಳಲ್ಲಿ ಬರೆಯುವ ಏರ್ಪಾಡಿತ್ತು. ಕೆಟ್ಟುಹೋದ ಸಂಗ್ರಹ ಘಟಕದ ದತ್ತಾಂಶವನ್ನು ಉಳಿದ ಘಟಕಗಳಿಂದ ಲೆಕ್ಕಹಾಕಿ ಮರಳಿ ಪಡೆಯುವ ವಿಧಾನಕ್ಕೆ ಐಬಿಎಂ ಕಂಪನಿಯ ನಾರ್ಮನ್ ಕೆನ್ ಔಚಿ 1978ರಲ್ಲಿ ಪೇಟೆಂಟ್ ಪಡೆದರು. ಮುಂದೆ ರೇಡ್ 4, ರೇಡ್ 5 ಎಂದು ಹೆಸರಾದ ಬಗೆಗಳ ತಿರುಳು ಅದರಲ್ಲಿತ್ತು. 1980ರ ದಶಕದ ಥಿಂಕಿಂಗ್ ಮಷೀನ್ಸ್ ಕಂಪನಿಯ ಡೇಟಾವಾಲ್ಟ್ ಎಂಬ ಸಂಗ್ರಹ ಸಾಧನವೂ ಹಲವು ಸಣ್ಣ ಡಿಸ್ಕ್‌ಗಳಿಗೆ ದತ್ತಾಂಶವನ್ನು ಹಂಚಿ, ತಪ್ಪು ತಿದ್ದುವ ಸಂಕೇತವನ್ನು ಜೊತೆಗೆ ಬರೆಯುತ್ತಿತ್ತು.

ಬಿಡಿಯಾಗಿದ್ದ ಈ ಪ್ರಯತ್ನಗಳಿಗೆ ಒಂದು ಚೌಕಟ್ಟು ಮತ್ತು ಹೆಸರು ಸಿಕ್ಕಿದ್ದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಆವರಣದಲ್ಲಿ. ಅಲ್ಲಿನ ಡೇವಿಡ್ ಪ್ಯಾಟರ್‌ಸನ್, ಗಾರ್ತ್ ಗಿಬ್ಸನ್ ಮತ್ತು ರ‍್ಯಾಂಡಿ ಕ್ಯಾಟ್ಜ್ 1987ರಲ್ಲಿ ತಾಂತ್ರಿಕ ವರದಿಯಾಗಿ ಸಿದ್ಧಪಡಿಸಿ, 1988ರಲ್ಲಿ ಷಿಕಾಗೋದಲ್ಲಿ ನಡೆದ ಸಿಗ್‌ಮಾಡ್ ಸಮ್ಮೇಳನದಲ್ಲಿ ಮಂಡಿಸಿದ ಪ್ರಬಂಧ ಈ ಕ್ಷೇತ್ರದ ಮೂಲಗ್ರಂಥದ ಸ್ಥಾನ ಪಡೆದಿದೆ. ಪ್ರೊಸೆಸರ್ ಮತ್ತು ಮೆಮೊರಿಗಳ ವೇಗ ವರ್ಷವರ್ಷಕ್ಕೆ ಏರುತ್ತಿದ್ದರೂ, ತಟ್ಟೆ ತಿರುಗಿ ಓದುಮುಳ್ಳು ಸರಿದಾಡಬೇಕಾದ ಡಿಸ್ಕ್‌ನ ವೇಗ ಅದಕ್ಕೆ ಸಮನಾಗಿ ಏರುತ್ತಿಲ್ಲ ಎಂಬುದು ಪ್ರಬಂಧ ಎತ್ತಿದ ಸಮಸ್ಯೆ. ಅಂದು ದೊಡ್ಡ ಕಂಪ್ಯೂಟರುಗಳಲ್ಲಿ ಬಳಕೆಯಲ್ಲಿದ್ದದ್ದು 7,500 ಮೆಗಾಬೈಟ್ ಸಾಮರ್ಥ್ಯದ ಐಬಿಎಂ 3380ರಂಥ ಭಾರಿ ಡಿಸ್ಕ್. ವೈಯಕ್ತಿಕ ಕಂಪ್ಯೂಟರುಗಳಿಗಾಗಿ ಕಾನರ್ ಕಂಪನಿ ತಯಾರಿಸುತ್ತಿದ್ದ ಪುಟ್ಟ ಡಿಸ್ಕ್‌ನ ಸಾಮರ್ಥ್ಯ 100 ಮೆಗಾಬೈಟ್. ಅಂಥ 75 ಪುಟ್ಟ ಡಿಸ್ಕ್‌ಗಳನ್ನು ಕೂಡಿಸಿದರೆ ದೊಡ್ಡ ಡಿಸ್ಕ್‌ನಷ್ಟೇ ಸಾಮರ್ಥ್ಯ ಸಿಗುತ್ತದೆ, ಓದು-ಬರಹದ ಶಕ್ತಿ 12 ಪಟ್ಟಿನವರೆಗೆ ಹೆಚ್ಚುತ್ತದೆ, ವಿದ್ಯುತ್ತೂ ಬೆಲೆಯೂ ಕಡಿಮೆಯಾಗುತ್ತವೆ ಎಂದು ಲೇಖಕರು ತೋರಿಸಿದರು.

ಆದರೆ ಅದೇ ಪ್ರಬಂಧ ಇನ್ನೊಂದು ಲೆಕ್ಕವನ್ನೂ ಮುಂದಿಟ್ಟಿತು. ಒಂದು ಡಿಸ್ಕ್ ಕೆಡುವವರೆಗಿನ ಸರಾಸರಿ ಅವಧಿ 30,000 ಗಂಟೆ ಎಂದಾದರೆ, 100 ಡಿಸ್ಕ್‌ಗಳಲ್ಲಿ ಯಾವುದಾದರೂ ಒಂದು ಕೆಡುವ ಸರಾಸರಿ ಅವಧಿ 300 ಗಂಟೆಗೆ, ಎಂದರೆ ಎರಡು ವಾರಕ್ಕಿಂತ ಕಡಿಮೆಗೆ, ಇಳಿಯುತ್ತದೆ. ಡಿಸ್ಕ್‌ಗಳ ಸಂಖ್ಯೆ ಹೆಚ್ಚಿದಷ್ಟೂ ವೇಗ ಏರುತ್ತದೆ, ನಂಬಿಕೆ ಕುಸಿಯುತ್ತದೆ. ಹೀಗಾಗಿ ಮೂಲ ದತ್ತಾಂಶದ ಜೊತೆಗೆ ಸ್ವಲ್ಪ ಹೆಚ್ಚುವರಿ ದತ್ತಾಂಶವನ್ನೂ ಬರೆದಿಡುವುದು ಅನಿವಾರ್ಯವಾಯಿತು. ಆ ಹೆಚ್ಚುವರಿಯನ್ನು ಎಷ್ಟು, ಎಲ್ಲಿ, ಹೇಗೆ ಇಡಬೇಕು ಎಂಬ ಪ್ರಶ್ನೆಗೆ ಕೊಟ್ಟ ಬೇರೆ ಬೇರೆ ಉತ್ತರಗಳೇ ರೇಡ್‌ನ ಹಂತಗಳು.

ಪ್ರಬಂಧದಲ್ಲಿ ರೇಡ್ ಎಂಬುದರ ವಿಸ್ತೃತ ರೂಪ ‘ರಿಡಂಡಂಟ್ ಅರೇಸ್ ಆಫ್ ಇನ್‌ಎಕ್ಸ್‌ಪೆನ್ಸಿವ್ ಡಿಸ್ಕ್ಸ್’ ಎಂದಿತ್ತು. ದುಬಾರಿ ವ್ಯೂಹಗಳನ್ನು ಮಾರತೊಡಗಿದ ತಯಾರಕರಿಗೆ ‘ಅಗ್ಗದ ಡಿಸ್ಕ್’ ಎಂಬ ಅರ್ಥ ಹೊಂದದೆ, ಮುಂದೆ ‘ಇಂಡಿಪೆಂಡೆಂಟ್’ ಎಂಬ ಪದ ಬಳಕೆಗೆ ಬಂತು. ಪ್ರಬಂಧ ಹೇಳಿದ್ದು 1ರಿಂದ 5ರವರೆಗಿನ ಹಂತಗಳನ್ನು. 0 ಮತ್ತು 6 ನಂತರ ಸೇರಿದವು. ಈ ಕೆಲಸಕ್ಕಾಗಿ ಮೂವರಿಗೂ 1999ರಲ್ಲಿ ಐಇಇಇ ಸಂಸ್ಥೆಯ ರೆನಾಲ್ಡ್ ಜಾನ್ಸನ್ ಪ್ರಶಸ್ತಿ ದೊರೆಯಿತು.

ಮೂಲ ತಂತ್ರಗಳು

ಎಲ್ಲ ಹಂತಗಳೂ ಮೂರು ತಂತ್ರಗಳ ಮೇಲೆ ನಿಂತಿವೆ.

ಸ್ಟ್ರೈಪಿಂಗ್ ಎಂದರೆ ದತ್ತಾಂಶವನ್ನು ನಿಗದಿತ ಅಳತೆಯ ತುಂಡುಗಳಾಗಿ ಸೀಳಿ ಸರದಿಯಂತೆ ಒಂದೊಂದು ಡಿಸ್ಕ್‌ಗೆ ಹಾಕುವುದು. ತುಂಡಿನ ಅಳತೆ ಸಾಮಾನ್ಯವಾಗಿ 64ರಿಂದ 512 ಕಿಲೋಬೈಟ್. ಎಲ್ಲ ಡಿಸ್ಕ್‌ಗಳಲ್ಲಿ ಒಂದೇ ಸಾಲಿಗೆ ಸೇರಿದ ತುಂಡುಗಳು ಒಟ್ಟಾಗಿ ಒಂದು ಪಟ್ಟಿ. ದೊಡ್ಡ ಕಡತವೊಂದನ್ನು ಓದುವಾಗ ಹಲವು ಡಿಸ್ಕ್‌ಗಳು ಏಕಕಾಲಕ್ಕೆ ದುಡಿಯುವುದರಿಂದ ವೇಗ ಹೆಚ್ಚುತ್ತದೆ.

ಮಿರರಿಂಗ್ ಎಂದರೆ ಒಂದೇ ದತ್ತಾಂಶವನ್ನು ಎರಡು ಅಥವಾ ಹೆಚ್ಚು ಡಿಸ್ಕ್‌ಗಳಲ್ಲಿ ಯಥಾವತ್ತಾಗಿ ಬರೆಯುವುದು.

ಪ್ಯಾರಿಟಿ ಎಂದರೆ ಹಲವು ತುಂಡುಗಳಿಂದ ಲೆಕ್ಕಹಾಕಿ ಪಡೆದ ಒಂದು ಕಾವಲು ತುಂಡು. ಇದಕ್ಕೆ ಎಕ್ಸ್‌ಒಆರ್ ಎಂಬ ಕ್ರಿಯೆ ಸಾಕು: ಒಂದೇ ಸ್ಥಾನದಲ್ಲಿರುವ ಬಿಟ್‌ಗಳಲ್ಲಿ 1ರ ಸಂಖ್ಯೆ ಬೆಸವಾಗಿದ್ದರೆ ಫಲ 1, ಸಮವಾಗಿದ್ದರೆ 0. ಮೂರು ಡಿಸ್ಕ್‌ಗಳಲ್ಲಿ 1011, 0110, 1100 ಎಂಬ ತುಂಡುಗಳಿದ್ದರೆ ಅವುಗಳ ಪ್ಯಾರಿಟಿ 0001. ಇದನ್ನು ನಾಲ್ಕನೆಯ ಡಿಸ್ಕ್‌ನಲ್ಲಿ ಬರೆಯಲಾಗುತ್ತದೆ. ಎರಡನೆಯ ಡಿಸ್ಕ್ ಕೆಟ್ಟಿತೆನ್ನೋಣ. ಉಳಿದ 1011, 1100 ಮತ್ತು 0001ಗಳ ಮೇಲೆ ಅದೇ ಕ್ರಿಯೆ ನಡೆಸಿದರೆ 0110, ಅಂದರೆ ಕಳೆದುಹೋದ ತುಂಡೇ, ಹಿಂದಿರುಗುತ್ತದೆ. ಡಿಸ್ಕ್‌ಗಳು ಎಷ್ಟೇ ಇರಲಿ, ಅವುಗಳಲ್ಲಿ ಯಾವುದಾದರೂ ಒಂದರ ನಷ್ಟವನ್ನು ತುಂಬಲು ಒಂದು ಪ್ಯಾರಿಟಿ ತುಂಡು ಸಾಕಾಗುತ್ತದೆ. ಮಿರರಿಂಗ್‌ಗಿಂತ ಪ್ಯಾರಿಟಿ ಅಗ್ಗವಾಗುವುದು ಇದೇ ಕಾರಣಕ್ಕೆ.

ಹಂತಗಳು

ರೇಡ್ 0ರಲ್ಲಿ ಸ್ಟ್ರೈಪಿಂಗ್ ಮಾತ್ರ ಇದೆ. ಎಲ್ಲ ಡಿಸ್ಕ್‌ಗಳ ಪೂರ್ಣ ಸಾಮರ್ಥ್ಯವೂ ಬಳಕೆಗೆ ಸಿಗುತ್ತದೆ. ಆದರೆ ಒಂದು ಡಿಸ್ಕ್ ಕೆಟ್ಟರೆ ಇಡೀ ವ್ಯೂಹದ ದತ್ತಾಂಶ ಹೋಗುತ್ತದೆ. ಸೊನ್ನೆ ಎಂಬ ಅಂಕಿ ಇಲ್ಲಿನ ರಕ್ಷಣೆಯ ಪ್ರಮಾಣಕ್ಕೂ ಸರಿಹೊಂದುತ್ತದೆ.

ರೇಡ್ 1 ಮಿರರಿಂಗ್ ಬಗೆಯದು. ಎರಡು ಡಿಸ್ಕ್ ಹಾಕಿದರೆ ಒಂದರಷ್ಟು ಸಾಮರ್ಥ್ಯ ದೊರೆಯುತ್ತದೆ. ಓದುವ ಕೆಲಸವನ್ನು ಎರಡೂ ಡಿಸ್ಕ್‌ಗಳು ಹಂಚಿಕೊಳ್ಳಬಲ್ಲವು. ಬರೆಯುವ ವೇಗ ಒಂದೇ ಡಿಸ್ಕ್‌ನಷ್ಟಿರುತ್ತದೆ. ರಚನೆ ಸರಳವಾಗಿರುವುದರಿಂದ ಕೆಟ್ಟಾಗ ಸರಿಪಡಿಸುವುದೂ ಸುಲಭ.

ರೇಡ್ 2 ದತ್ತಾಂಶವನ್ನು ಬಿಟ್ ಮಟ್ಟದಲ್ಲಿ ಹಂಚಿ, ತಪ್ಪು ತಿದ್ದುವ ಹ್ಯಾಮಿಂಗ್ ಸಂಕೇತವನ್ನು ಪ್ರತ್ಯೇಕ ಡಿಸ್ಕ್‌ಗಳಲ್ಲಿ ಇಡುತ್ತದೆ. ಡಿಸ್ಕ್‌ಗಳು ತಮ್ಮೊಳಗಿನ ತಪ್ಪನ್ನು ತಾವೇ ಪತ್ತೆಹಚ್ಚತೊಡಗಿದ ಮೇಲೆ ಇದಕ್ಕೆ ಅರ್ಥ ಉಳಿಯಲಿಲ್ಲ. ರೇಡ್ 3 ಬೈಟ್ ಮಟ್ಟದ ಹಂಚಿಕೆಗೆ ಒಂದು ಪ್ಯಾರಿಟಿ ಡಿಸ್ಕ್ ಸೇರಿಸಿದ ಬಗೆ. ಪ್ರತಿ ಬೇಡಿಕೆಗೂ ಎಲ್ಲ ಡಿಸ್ಕ್‌ಗಳು ಒಟ್ಟಾಗಿ ಓಡಬೇಕಾಗುವುದರಿಂದ ಉದ್ದನೆಯ ಕಡತಗಳಿಗೆ ಮಾತ್ರ ಒಗ್ಗುತ್ತದೆ. ಇವೆರಡೂ ಈಗ ಬಳಕೆಯಲ್ಲಿಲ್ಲ.

ರೇಡ್ 4ರಲ್ಲಿ ಹಂಚಿಕೆ ಬ್ಲಾಕ್ ಮಟ್ಟದ್ದು. ಪ್ಯಾರಿಟಿಗೆ ಒಂದು ಡಿಸ್ಕ್ ಮೀಸಲು. ಸಣ್ಣ ಓದುಗಳನ್ನು ಡಿಸ್ಕ್‌ಗಳು ಬೇರೆ ಬೇರೆಯಾಗಿ ಪೂರೈಸಬಲ್ಲವು. ಆದರೆ ಯಾವ ಡಿಸ್ಕ್‌ನಲ್ಲಿ ಏನು ಬರೆದರೂ ಪ್ಯಾರಿಟಿ ಡಿಸ್ಕನ್ನು ತಿದ್ದಲೇಬೇಕಾಗುವುದರಿಂದ ಅಲ್ಲಿ ಸಾಲು ಬೆಳೆಯುತ್ತದೆ. ಬರೆಯುವ ಕೆಲಸವನ್ನು ಒಟ್ಟುಗೂಡಿಸಿ ಇಡೀ ಪಟ್ಟಿಗಳಾಗಿ ಬರೆಯುವ ಕಡತ ವ್ಯವಸ್ಥೆಯೊಡನೆ ನೆಟ್‌ಆ್ಯಪ್ ಕಂಪನಿ ಈ ಹಂತವನ್ನು ಯಶಸ್ವಿಯಾಗಿ ಬಳಸಿತು.

ರೇಡ್ 5 ಪ್ಯಾರಿಟಿಯನ್ನು ಒಂದೇ ಡಿಸ್ಕ್‌ನಲ್ಲಿ ಇಡದೆ ಪಟ್ಟಿಯಿಂದ ಪಟ್ಟಿಗೆ ಸ್ಥಳ ಬದಲಿಸುತ್ತ ಎಲ್ಲ ಡಿಸ್ಕ್‌ಗಳಿಗೂ ಹಂಚುತ್ತದೆ. ಕನಿಷ್ಠ ಮೂರು ಡಿಸ್ಕ್ ಬೇಕು. ಒಂದರ ಸಾಮರ್ಥ್ಯ ಪ್ಯಾರಿಟಿಗೆ ಹೋಗುತ್ತದೆ. ಒಂದು ಡಿಸ್ಕ್ ಕೆಟ್ಟರೂ ಕೆಲಸ ನಡೆಯುತ್ತದೆ. ಸಾಮರ್ಥ್ಯ, ವೇಗ ಮತ್ತು ರಕ್ಷಣೆಗಳ ನಡುವೆ ಒಳ್ಳೆಯ ಹೊಂದಾಣಿಕೆ ಸಾಧಿಸಿದ ಕಾರಣ 1990ರ ದಶಕದಿಂದ ದೀರ್ಘ ಕಾಲ ಸರ್ವರ್‌ಗಳಲ್ಲಿ ಇದೇ ಹೆಚ್ಚು ಚಾಲ್ತಿಯಲ್ಲಿತ್ತು. ಇದರ ದೊಡ್ಡ ಕೊರತೆ ಸಣ್ಣ ಬರಹಗಳಲ್ಲಿ ಕಾಣುತ್ತದೆ. ಒಂದು ಬ್ಲಾಕ್ ಬದಲಿಸಲು ಹಳೆಯ ದತ್ತಾಂಶವನ್ನೂ ಹಳೆಯ ಪ್ಯಾರಿಟಿಯನ್ನೂ ಓದಿ, ಹೊಸ ಪ್ಯಾರಿಟಿ ಲೆಕ್ಕಹಾಕಿ, ಹೊಸ ದತ್ತಾಂಶವನ್ನೂ ಹೊಸ ಪ್ಯಾರಿಟಿಯನ್ನೂ ಬರೆಯಬೇಕು. ಒಂದು ಬರಹಕ್ಕೆ ನಾಲ್ಕು ಡಿಸ್ಕ್ ಕ್ರಿಯೆಗಳು ಬೇಕಾಗುತ್ತವೆ.

ರೇಡ್ 6ರಲ್ಲಿ ಪ್ರತಿ ಪಟ್ಟಿಗೂ ಎರಡು ಕಾವಲು ತುಂಡುಗಳಿರುತ್ತವೆ. ಮೊದಲನೆಯದು ಎಕ್ಸ್‌ಒಆರ್ ಪ್ಯಾರಿಟಿಯೇ. ಎರಡನೆಯದನ್ನು ಸಾಮಾನ್ಯವಾಗಿ ರೀಡ್-ಸಾಲಮನ್ ಸಂಕೇತದಿಂದ, 256 ಅಂಶಗಳುಳ್ಳ ಗಾಲ್ವಾ ಕ್ಷೇತ್ರದ ಗಣಿತ ಬಳಸಿ ಪಡೆಯುತ್ತಾರೆ. ಎರಡು ಸಮೀಕರಣಗಳು ಸಿಗುವುದರಿಂದ ಎರಡು ಅಜ್ಞಾತಗಳನ್ನು ಬಿಡಿಸಬಹುದು, ಎಂದರೆ ಯಾವುದೇ ಎರಡು ಡಿಸ್ಕ್‌ಗಳು ಕೆಟ್ಟರೂ ದತ್ತಾಂಶ ಮರಳಿ ಬರುತ್ತದೆ. ಗಾಲ್ವಾ ಗಣಿತವಿಲ್ಲದೆ, ಎಕ್ಸ್‌ಒಆರ್ ಒಂದರಿಂದಲೇ ಇದನ್ನು ಸಾಧಿಸುವ ಈವನ್‌ಆಡ್ ಮತ್ತು ಕರ್ಣ ಪ್ಯಾರಿಟಿಯಂಥ ವಿಧಾನಗಳೂ ಇವೆ. ಕನಿಷ್ಠ ನಾಲ್ಕು ಡಿಸ್ಕ್ ಬೇಕು. ಸಣ್ಣ ಬರಹವೊಂದಕ್ಕೆ ಆರು ಡಿಸ್ಕ್ ಕ್ರಿಯೆಗಳು ತಗಲುವುದರಿಂದ ಬರವಣಿಗೆ ರೇಡ್ 5ಕ್ಕಿಂತ ನಿಧಾನ.

ಇವುಗಳಾಚೆ ತಯಾರಕರು ಇಟ್ಟುಕೊಂಡ ಹೆಸರುಗಳೂ ಇವೆ. ರೇಡ್ 7 ಎಂಬುದು ಒಂದು ಕಂಪನಿಯ ವ್ಯಾಪಾರಮುದ್ರೆಯಾಗಿತ್ತೇ ಹೊರತು ಎಲ್ಲರೂ ಒಪ್ಪಿದ ಹಂತವಲ್ಲ. ಡಿಸ್ಕ್‌ಗಳನ್ನು ಸುಮ್ಮನೆ ಒಂದರ ಮುಂದೆ ಒಂದು ಸೇರಿಸಿ ದೊಡ್ಡ ಜಾಗ ಮಾಡುವ ಜೆಬಿಒಡಿ ಏರ್ಪಾಡಿನಲ್ಲಿ ಸ್ಟ್ರೈಪಿಂಗ್ ಇಲ್ಲ, ರಕ್ಷಣೆಯೂ ಇಲ್ಲ. ಅದು ರೇಡ್ ಅಲ್ಲ.

ಸಂಯುಕ್ತ ಹಂತಗಳು

ಒಂದು ಹಂತದ ವ್ಯೂಹಗಳನ್ನೇ ಬಿಡಿ ಡಿಸ್ಕ್‌ಗಳೆಂದು ಭಾವಿಸಿ ಅವುಗಳ ಮೇಲೆ ಇನ್ನೊಂದು ಹಂತವನ್ನು ಕಟ್ಟಬಹುದು. ರೇಡ್ 10ರಲ್ಲಿ ಮೊದಲು ಮಿರರ್ ಜೋಡಿಗಳನ್ನು ಮಾಡಿ, ಆ ಜೋಡಿಗಳ ಮೇಲೆ ಸ್ಟ್ರೈಪಿಂಗ್ ಮಾಡಲಾಗುತ್ತದೆ. ರೇಡ್ 01ರಲ್ಲಿ ಮೊದಲು ಸ್ಟ್ರೈಪಿಂಗ್, ಅದರ ಮೇಲೆ ಮಿರರಿಂಗ್. ಎರಡರಲ್ಲೂ ಅರ್ಧ ಸಾಮರ್ಥ್ಯ ಸಿಗುತ್ತದೆ, ವೇಗವೂ ಹತ್ತಿರಹತ್ತಿರ. ರಕ್ಷಣೆ ಮಾತ್ರ ಸಮನಲ್ಲ. ಆರು ಡಿಸ್ಕ್‌ಗಳ ರೇಡ್ 10ರಲ್ಲಿ ಒಂದು ಕೆಟ್ಟ ಮೇಲೆ, ಉಳಿದ ಐದರಲ್ಲಿ ಅದರ ಜೋಡಿಯೊಂದು ಕೆಟ್ಟರೆ ಮಾತ್ರ ದತ್ತಾಂಶ ನಷ್ಟ. ಮೂರು ಮೂರರ ಎರಡು ಪಂಕ್ತಿಗಳಿರುವ ರೇಡ್ 01ರಲ್ಲಿ ಒಂದು ಕೆಟ್ಟರೆ ಆ ಪಂಕ್ತಿಯೇ ಹೊರಬೀಳುತ್ತದೆ, ಬಳಿಕ ಇನ್ನೊಂದು ಪಂಕ್ತಿಯ ಮೂರರಲ್ಲಿ ಯಾವುದು ಕೆಟ್ಟರೂ ನಷ್ಟವೇ. ಆದಕಾರಣ ರೇಡ್ 01ನ್ನು ಆರಿಸಿಕೊಳ್ಳಲು ಕಾರಣಗಳು ವಿರಳ. ರೇಡ್ 5 ಅಥವಾ 6ರ ಗುಂಪುಗಳ ಮೇಲೆ ಸ್ಟ್ರೈಪಿಂಗ್ ಮಾಡಿದರೆ ರೇಡ್ 50, ರೇಡ್ 60 ಆಗುತ್ತವೆ. ಹತ್ತಾರು ಡಿಸ್ಕ್‌ಗಳ ದೊಡ್ಡ ಪೆಟ್ಟಿಗೆಗಳಲ್ಲಿ ಇವು ಕಾಣುತ್ತವೆ.

ಅಳವಡಿಕೆ

ಹಾರ್ಡ್‌ವೇರ್ ರೇಡ್‌ನಲ್ಲಿ ಸ್ವಂತ ಪ್ರೊಸೆಸರ್ ಮತ್ತು ಮೆಮೊರಿ ಇರುವ ಕಂಟ್ರೋಲರ್ ಕಾರ್ಡ್ ಇಡೀ ಕೆಲಸವನ್ನು ನಿರ್ವಹಿಸುತ್ತದೆ. ಕರೆಂಟ್ ಹೋದಾಗ ಮೆಮೊರಿಯಲ್ಲಿದ್ದ ಬರಹ ನಾಶವಾಗದಂತೆ ಬ್ಯಾಟರಿ ಅಥವಾ ಫ್ಲ್ಯಾಷ್ ಆಸರೆ ಇರುತ್ತದೆ. ಕಾರ್ಡ್ ಕೆಟ್ಟರೆ ಬಹುಮಟ್ಟಿಗೆ ಅದೇ ತಯಾರಕರ ಹೊಂದುವ ಕಾರ್ಡನ್ನೇ ಹುಡುಕಬೇಕಾಗುವುದು ಇದರ ತೊಡಕು.

ಸಾಫ್ಟ್‌ವೇರ್ ರೇಡ್ ಕಾರ್ಯಾಚರಣ ವ್ಯವಸ್ಥೆಯ ಭಾಗ. ಲಿನಕ್ಸ್‌ನ ಎಂಡಿ ಮತ್ತು ಅದನ್ನು ನಿರ್ವಹಿಸುವ ಎಂಡಿಆ್ಯಡ್ಮ್, ವಿಂಡೋಸ್‌ನ ಸ್ಟೋರೇಜ್ ಸ್ಪೇಸಸ್ ಇದಕ್ಕೆ ಉದಾಹರಣೆಗಳು. ಪ್ಯಾರಿಟಿ ಲೆಕ್ಕ 1990ರ ಪ್ರೊಸೆಸರ್‌ಗಳಿಗೆ ಹೊರೆಯಾಗಿತ್ತು. ಇಂದಿನ ಪ್ರೊಸೆಸರ್‌ಗಳಿಗೆ ಅದು ಲೆಕ್ಕಕ್ಕಿಲ್ಲ. ಡಿಸ್ಕ್‌ಗಳನ್ನು ಕಿತ್ತು ಬೇರೊಂದು ಲಿನಕ್ಸ್ ಯಂತ್ರಕ್ಕೆ ಹಾಕಿದರೂ ವ್ಯೂಹ ಮತ್ತೆ ಎದ್ದೇಳುವುದು ಈ ಬಗೆಯ ಹೆಚ್ಚುಗಾರಿಕೆ. ಮದರ್‌ಬೋರ್ಡ್‌ನ ಫರ್ಮ್‌ವೇರ್ ಮತ್ತು ಡ್ರೈವರ್ ಸೇರಿ ನಡೆಸುವ ಮೂರನೆಯ ಬಗೆಯೂ ಇದೆ. ಅದು ಹಾರ್ಡ್‌ವೇರ್ ರೇಡ್‌ನಂತೆ ತೋರಿದರೂ ಲೆಕ್ಕವನ್ನೆಲ್ಲ ಮಾಡುವುದು ಮುಖ್ಯ ಪ್ರೊಸೆಸರೇ.

ಕಡತ ವ್ಯವಸ್ಥೆಯನ್ನೂ ರೇಡನ್ನೂ ಒಂದಾಗಿಸಿದ್ದು ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯಲ್ಲಿ ಜೆಫ್ ಬಾನ್ವಿಕ್, ಮ್ಯಾಥ್ಯೂ ಅಹ್ರೆನ್ಸ್ ಮೊದಲಾದವರು ರೂಪಿಸಿದ ಝಡ್‌ಎಫ್‌ಎಸ್. 2005ರಲ್ಲಿ ಇದರ ಮೂಲಸಂಕೇತ ಹೊರಬಂತು. ಪ್ರತಿ ಬ್ಲಾಕ್‌ಗೂ ತಾಳೆ ಮೊತ್ತವೊಂದನ್ನು ಬೇರೆಡೆ ಬರೆದಿಡುವುದರಿಂದ, ಡಿಸ್ಕ್ ‘ಓದಿದೆ’ ಎಂದು ತಪ್ಪು ದತ್ತಾಂಶವನ್ನು ಕೊಟ್ಟರೂ ಇದು ಪತ್ತೆಹಚ್ಚಿ ಸರಿಯಾದ ಪ್ರತಿಯಿಂದ ತಿದ್ದುತ್ತದೆ. ಸಾಮಾನ್ಯ ರೇಡ್‌ಗೆ ಈ ಶಕ್ತಿ ಇಲ್ಲ. ದತ್ತಾಂಶಕ್ಕೂ ಪ್ಯಾರಿಟಿಗೂ ತಾಳೆಯಾಗದಿದ್ದರೆ ಯಾವುದು ತಪ್ಪು ಎಂದು ರೇಡ್ 5 ಹೇಳಲಾರದು. ಝಡ್‌ಎಫ್‌ಎಸ್‌ನ ರೇಡ್-ಝಡ್ ಬಗೆಗಳು ಒಂದು, ಎರಡು ಅಥವಾ ಮೂರು ಡಿಸ್ಕ್‌ಗಳ ನಷ್ಟವನ್ನು ತಾಳಬಲ್ಲವು.

ಡಿಸ್ಕ್ ಕೆಟ್ಟಾಗ

ಡಿಸ್ಕ್ ಕೆಟ್ಟ ಕೂಡಲೇ ವ್ಯೂಹ ಕುಂಠಿತ ಸ್ಥಿತಿಗೆ ಹೋಗುತ್ತದೆ. ಕೆಲಸ ನಿಲ್ಲುವುದಿಲ್ಲ, ಕಾಣೆಯಾದ ತುಂಡನ್ನು ಬೇಕಾದಾಗಲೆಲ್ಲ ಲೆಕ್ಕಹಾಕಿಯೇ ಕೊಡಬೇಕಾದ್ದರಿಂದ ವೇಗ ತಗ್ಗುತ್ತದೆ. ಯಂತ್ರವನ್ನು ನಿಲ್ಲಿಸದೆಯೇ ಕೆಟ್ಟ ಡಿಸ್ಕನ್ನು ಕಿತ್ತು ಹೊಸದನ್ನು ಹಾಕಬಹುದು. ಮೊದಲೇ ಒಂದು ಹಾಟ್ ಸ್ಪೇರ್ ಡಿಸ್ಕನ್ನು ಕಾದಿರಿಸಿದ್ದರೆ ಅದು ತಾನಾಗಿಯೇ ಜಾಗ ತುಂಬುತ್ತದೆ. ನಂತರ ಉಳಿದ ಡಿಸ್ಕ್‌ಗಳನ್ನು ಆದಿಯಿಂದ ಅಂತ್ಯದವರೆಗೆ ಓದಿ, ಕಳೆದದ್ದನ್ನು ಲೆಕ್ಕಹಾಕಿ ಹೊಸ ಡಿಸ್ಕ್‌ಗೆ ಬರೆಯುವ ರೀಬಿಲ್ಡ್ ಶುರುವಾಗುತ್ತದೆ.

ರೇಡ್‌ನ ಇಂದಿನ ಅಪಾಯವಿರುವುದು ಈ ರೀಬಿಲ್ಡ್ ಅವಧಿಯಲ್ಲೇ. ಡಿಸ್ಕ್‌ಗಳ ಸಾಮರ್ಥ್ಯ ಬೆಳೆದಷ್ಟು ಅವುಗಳ ಓದು-ಬರಹದ ವೇಗ ಬೆಳೆದಿಲ್ಲ. 20 ಟೆರಾಬೈಟ್‌ನ ಡಿಸ್ಕನ್ನು ಸೆಕೆಂಡಿಗೆ 200 ಮೆಗಾಬೈಟ್ ವೇಗದಲ್ಲಿ ಎಡೆಬಿಡದೆ ತುಂಬಿದರೂ ಸುಮಾರು 28 ಗಂಟೆ ಬೇಕು; ವ್ಯೂಹ ಬಳಕೆಯಲ್ಲಿರುವಾಗ ದಿನಗಳೇ ಹಿಡಿಯುತ್ತವೆ. ಅಷ್ಟು ಹೊತ್ತು ರೇಡ್ 5ಕ್ಕೆ ಯಾವ ರಕ್ಷಣೆಯೂ ಇರುವುದಿಲ್ಲ. ಒಂದೇ ದಿನ ಕೊಂಡ, ಒಂದೇ ತಯಾರಿಕಾ ತಂಡಕ್ಕೆ ಸೇರಿದ ಡಿಸ್ಕ್‌ಗಳು ಒಂದೇ ಬಿಸಿ, ಒಂದೇ ಕಂಪನದಲ್ಲಿ ದುಡಿದು ಹತ್ತಿರದ ಅವಧಿಗಳಲ್ಲಿ ಕೆಡುವ ಸಾಧ್ಯತೆಯೂ ಇದೆ. ಬಿಯಾಂಕಾ ಶ್ರೋಡರ್ ಮತ್ತು ಗಾರ್ತ್ ಗಿಬ್ಸನ್ ಸುಮಾರು 1,00,000 ಡಿಸ್ಕ್‌ಗಳ ದಾಖಲೆಗಳನ್ನು ಪರಿಶೀಲಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವರ್ಷಕ್ಕೆ ಶೇಕಡಾ 2ರಿಂದ 4ರಷ್ಟು ಡಿಸ್ಕ್‌ಗಳನ್ನು ಬದಲಿಸಬೇಕಾಗುವುದು ಸಾಮಾನ್ಯವೆಂದು ಕಂಡುಬಂತು. ತಯಾರಕರ ಪಟ್ಟಿಗಳು ಸೂಚಿಸುತ್ತಿದ್ದ ಪ್ರಮಾಣ ಶೇಕಡಾ 1ಕ್ಕಿಂತ ಕಡಿಮೆ.

ಓದಲಾಗದ ಬಿಟ್‌ಗಳದ್ದು ಇನ್ನೊಂದು ಸಮಸ್ಯೆ. ಮನೆಬಳಕೆಯ ಡಿಸ್ಕ್‌ಗಳಲ್ಲಿ ಇಂಥ ದೋಷದ ಪ್ರಮಾಣ 10ರ 14ನೆಯ ಘಾತದಷ್ಟು ಬಿಟ್‌ಗಳಿಗೆ ಒಂದಕ್ಕಿಂತ ಕಡಿಮೆ ಎಂದು ತಯಾರಕರು ನಮೂದಿಸುತ್ತಾರೆ. ಅಷ್ಟು ಬಿಟ್ ಎಂದರೆ 12.5 ಟೆರಾಬೈಟ್. ತಲಾ 4 ಟೆರಾಬೈಟ್‌ನ ಐದು ಡಿಸ್ಕ್‌ಗಳ ರೇಡ್ 5ರಲ್ಲಿ ಒಂದು ಕೆಟ್ಟರೆ ರೀಬಿಲ್ಡ್‌ಗಾಗಿ 16 ಟೆರಾಬೈಟ್ ಓದಬೇಕು. ನಮೂದಿಸಿದ್ದು ಗರಿಷ್ಠ ಮಿತಿಯಾಗಿರುವುದರಿಂದ ದೋಷ ಬಂದೇ ಬರುತ್ತದೆಂದು ಹೇಳಲಾಗದು. ಆದರೆ ಅದನ್ನು ಕಡೆಗಣಿಸುವಷ್ಟು ಅಂತರವೂ ಉಳಿದಿಲ್ಲ. ದೊಡ್ಡ ಡಿಸ್ಕ್‌ಗಳಿಗೆ ರೇಡ್ 5ರ ಬದಲು ರೇಡ್ 6 ಅಥವಾ ರೇಡ್ 10 ಸೂಕ್ತವೆಂಬ ಅಭಿಪ್ರಾಯ ನೆಲೆಗೊಂಡಿರುವುದು ಈ ಲೆಕ್ಕಗಳಿಂದಲೇ. ಇಡೀ ವ್ಯೂಹವನ್ನು ಆಗಾಗ ಓದಿ ತಾಳೆ ನೋಡುವ ಸ್ಕ್ರಬ್ಬಿಂಗ್ ಅಡಗಿದ ದೋಷಗಳನ್ನು ರೀಬಿಲ್ಡ್‌ಗೆ ಮುನ್ನವೇ ಹೊರಗೆಡಹುತ್ತದೆ.

ಡಿಸ್ಕ್‌ನ ಆಯ್ಕೆಯೂ ಇಲ್ಲಿ ಮುಖ್ಯ. ಸಾಮಾನ್ಯ ಡಿಸ್ಕ್ ಓದಲು ಬಾರದ ಜಾಗವನ್ನು ಮತ್ತೆ ಮತ್ತೆ ಪ್ರಯತ್ನಿಸುತ್ತ ಬಹಳ ಹೊತ್ತು ಕಳೆಯಬಹುದು. ಉತ್ತರ ಬಾರದ್ದರಿಂದ ಕಂಟ್ರೋಲರ್ ಅದನ್ನು ಕೆಟ್ಟದ್ದೆಂದು ಬಗೆದು ಹೊರಹಾಕುತ್ತದೆ. ವ್ಯೂಹಗಳಿಗೆಂದೇ ತಯಾರಾದ ಡಿಸ್ಕ್‌ಗಳು ಸುಮಾರು 7 ಸೆಕೆಂಡಿನಲ್ಲಿ ಕೈಚೆಲ್ಲಿ, ಪ್ಯಾರಿಟಿಯಿಂದ ತಿದ್ದುವ ಕೆಲಸವನ್ನು ರೇಡ್‌ಗೆ ಬಿಡುತ್ತವೆ. ಜಾಡುಗಳನ್ನು ಒಂದರ ಮೇಲೊಂದು ಅತಿಕ್ರಮಿಸುವಂತೆ ಬರೆಯುವ ಎಸ್‌ಎಂಆರ್ ಡಿಸ್ಕ್‌ಗಳಲ್ಲಿ ನಿರಂತರ ಬರವಣಿಗೆ ತೀರ ನಿಧಾನವಾಗುವುದರಿಂದ ಅವು ಪ್ಯಾರಿಟಿ ವ್ಯೂಹಗಳಿಗೆ ತಕ್ಕವಲ್ಲ.

ಮಿತಿಗಳು

ಪಟ್ಟಿಯೊಂದರಲ್ಲಿ ದತ್ತಾಂಶ ಬರೆದು ಪ್ಯಾರಿಟಿ ಬರೆಯುವ ಮೊದಲೇ ಕರೆಂಟ್ ಹೋದರೆ ಎರಡಕ್ಕೂ ತಾಳೆ ತಪ್ಪುತ್ತದೆ. ಇದಕ್ಕೆ ರೈಟ್ ಹೋಲ್ ಎಂದು ಹೆಸರು. ದೋಷ ಆಗ ಕಾಣಿಸದೆ, ಮುಂದೆಂದೋ ಡಿಸ್ಕ್ ಕೆಟ್ಟು ಆ ಪ್ಯಾರಿಟಿಯನ್ನು ನೆಚ್ಚಿದಾಗ ತಪ್ಪು ದತ್ತಾಂಶವಾಗಿ ಹೊರಬರುತ್ತದೆ. ಬ್ಯಾಟರಿ ಆಸರೆಯ ಮೆಮೊರಿ, ಬರಹದ ದಿನಚರಿ ಇಡುವ ಜರ್ನಲ್ ಮತ್ತು ಹಳೆಯದರ ಮೇಲೆ ಬರೆಯದೆ ಹೊಸ ಜಾಗದಲ್ಲೇ ಬರೆಯುವ ಝಡ್‌ಎಫ್‌ಎಸ್ ರೀತಿ ಇದಕ್ಕಿರುವ ಪರಿಹಾರಗಳು.

ರೇಡ್ ಕಾಯುವುದು ಡಿಸ್ಕ್ ಕೆಡುವ ಒಂದು ಬಗೆಯ ಆಪತ್ತಿನಿಂದ. ಕೈತಪ್ಪಿ ಅಳಿಸಿದ ಕಡತ ಮಿರರ್‌ನಲ್ಲೂ ಅದೇ ಕ್ಷಣ ಅಳಿಯುತ್ತದೆ. ರ‍್ಯಾನ್‌ಸಮ್‌ವೇರ್ ಗೂಢಲಿಪಿಗೆ ತಿರುಗಿಸಿದ ದತ್ತಾಂಶಕ್ಕೂ ರೇಡ್ ನಿಷ್ಠೆಯಿಂದ ಪ್ಯಾರಿಟಿ ಬರೆದಿಡುತ್ತದೆ. ಬೆಂಕಿ, ನೆರೆ, ಸಿಡಿಲು, ಕಳ್ಳತನಗಳಲ್ಲಿ ಎಲ್ಲ ಡಿಸ್ಕ್‌ಗಳೂ ಒಟ್ಟಿಗೇ ಹೋಗುತ್ತವೆ. ಬೇರೆ ಸ್ಥಳದಲ್ಲಿಡುವ ಬ್ಯಾಕಪ್‌ಗೆ ರೇಡ್ ಬದಲಿಯಲ್ಲ.

ಬಳಕೆ

ಸಣ್ಣ ಬರಹಗಳು ಎಡೆಬಿಡದೆ ಬರುವ ಡೇಟಾಬೇಸ್‌ಗಳಿಗೆ ರೇಡ್ 10, ಸರ್ವರ್‌ಗಳ ಕಾರ್ಯಾಚರಣ ವ್ಯವಸ್ಥೆಯನ್ನಿಡಲು ರೇಡ್ 1, ಕಡತ ಭಂಡಾರ ಮತ್ತು ದಾಖಲೆ ಸಂಗ್ರಹಗಳಿಗೆ ರೇಡ್ 6 ರೂಢಿಯಲ್ಲಿವೆ. ವಿಡಿಯೊ ಸಂಕಲನದಲ್ಲಿ ಮೂಲ ಪ್ರತಿ ಬೇರೆಡೆ ಇರುವಾಗ ತಾತ್ಕಾಲಿಕ ಜಾಗಕ್ಕೆ ರೇಡ್ 0 ಬಳಸುವುದುಂಟು. ಮನೆ ಮತ್ತು ಸಣ್ಣ ಕಚೇರಿಗಳಿಗೆ ರೇಡ್ ತಲುಪಿದ್ದು ಎರಡರಿಂದ ಎಂಟು ಡಿಸ್ಕ್ ಹಿಡಿಯುವ, ಜಾಲಕ್ಕೆ ಜೋಡಿಸುವ ನ್ಯಾಸ್ ಪೆಟ್ಟಿಗೆಗಳ ಮೂಲಕ. ಬೇರೆ ಬೇರೆ ಸಾಮರ್ಥ್ಯದ ಡಿಸ್ಕ್‌ಗಳನ್ನು ಬೆರೆಸಿದಾಗ ಮಾಮೂಲಿ ರೇಡ್ ಅತಿ ಚಿಕ್ಕದರ ಅಳತೆಯನ್ನೇ ಎಲ್ಲಕ್ಕೂ ಹಿಡಿಯುತ್ತದೆ. ಈ ಪೆಟ್ಟಿಗೆಗಳ ಕೆಲವು ತಯಾರಕರು ಆ ಪೋಲನ್ನು ತಗ್ಗಿಸುವ ತಮ್ಮದೇ ಬಗೆಗಳನ್ನು ನೀಡುತ್ತಾರೆ.

ಇಂದಿನ ಸ್ಥಿತಿ

ತಿರುಗುವ ತಟ್ಟೆಗಳ ಜಾಗಕ್ಕೆ ಎಸ್‌ಎಸ್‌ಡಿಗಳು ಬಂದ ಮೇಲೆ, ವೇಗಕ್ಕಾಗಿಯೇ ಡಿಸ್ಕ್ ಜೋಡಿಸುವ ಅಗತ್ಯ ಸಾಮಾನ್ಯ ಬಳಕೆದಾರರಿಗೆ ಬಹುತೇಕ ಇಲ್ಲವಾಗಿದೆ. ರಕ್ಷಣೆಯ ಅಗತ್ಯ ಉಳಿದಿದೆ. ಎಸ್‌ಎಸ್‌ಡಿಯ ಕೋಶಗಳು ಬರೆದಷ್ಟೂ ಸವೆಯುತ್ತವೆ. ಒಂದೇ ಪ್ರಮಾಣದ ಬರವಣಿಗೆ ಕಂಡ ಮಿರರ್ ಜೋಡಿ ಒಟ್ಟಿಗೇ ಆಯಸ್ಸಿನ ಕೊನೆ ಮುಟ್ಟಬಹುದೆಂಬುದು ಇಲ್ಲಿನ ಹೊಸ ಎಚ್ಚರಿಕೆ.

ರೀಬಿಲ್ಡ್ ಅವಧಿಯನ್ನು ಕುಗ್ಗಿಸಲು ಡೀಕ್ಲಸ್ಟರ್ಡ್ ರೇಡ್ ಎಂಬ ಬಗೆ ಬಂದಿದೆ. ಇದರಲ್ಲಿ ಸ್ಪೇರ್ ಜಾಗವನ್ನೂ ಎಲ್ಲ ಡಿಸ್ಕ್‌ಗಳಿಗೆ ಹಂಚುವುದರಿಂದ ಬರೆಯುವ ಹೊರೆ ಒಂದೇ ಹೊಸ ಡಿಸ್ಕ್‌ನ ಮೇಲೆ ಬೀಳುವುದಿಲ್ಲ. ಓಪನ್‌ಝಡ್‌ಎಫ್‌ಎಸ್‌ಗೆ ಇದು 2021ರಲ್ಲಿ ಡಿರೇಡ್ ಎಂಬ ಹೆಸರಿನಲ್ಲಿ ಸೇರಿತು.

ಭಾರಿ ದತ್ತಾಂಶ ಕೇಂದ್ರಗಳಲ್ಲಿ ಕಾಯಬೇಕಾದದ್ದು ಡಿಸ್ಕ್‌ನಿಂದ ಯಂತ್ರಕ್ಕೆ, ಯಂತ್ರದಿಂದ ಯಂತ್ರಗಳ ಕಪಾಟಿಗೆ ಹಿಗ್ಗಿದೆ. ಅಲ್ಲಿ ತುಂಡುಗಳನ್ನು ಜಾಲದುದ್ದಕ್ಕೂ ಬೇರೆ ಬೇರೆ ಯಂತ್ರಗಳಲ್ಲಿ ಇಡುತ್ತಾರೆ. ಹಡೂಪ್ ತಂತ್ರಾಂಶದ ಕಡತ ವ್ಯವಸ್ಥೆ ಮೊದಲು ಪ್ರತಿ ಬ್ಲಾಕ್‌ಗೂ ಮೂರು ಪ್ರತಿ ಇಡುತ್ತಿತ್ತು. 2017ರ ಮೂರನೆಯ ಆವೃತ್ತಿಯಿಂದ ಪೂರ್ತಿ ಪ್ರತಿಗಳ ಬದಲು ಕಾವಲು ತುಂಡುಗಳನ್ನಿಡುವ ಎರೇಷರ್ ಕೋಡಿಂಗ್‌ಗೂ ಅವಕಾಶ ಕಲ್ಪಿಸಿದೆ. ಆರು ದತ್ತಾಂಶ ತುಂಡುಗಳಿಗೆ ಮೂರು ಕಾವಲು ತುಂಡು ಸೇರಿಸಿದರೆ ಹೆಚ್ಚುವರಿ ಜಾಗ ಶೇಕಡಾ 200ರಿಂದ 50ಕ್ಕೆ ಇಳಿಯುತ್ತದೆ, ಮೂರು ತುಂಡುಗಳ ನಷ್ಟವನ್ನೂ ತಾಳಬಹುದು. ಮೈಕ್ರೋಸಾಫ್ಟ್‌ನ ಅಜೂರ್ ಕ್ಲೌಡ್ ಸೇವೆ 12 ದತ್ತಾಂಶ ತುಂಡುಗಳಿಗೆ ಎರಡು ಸ್ಥಳೀಯ, ಎರಡು ಸಾರ್ವತ್ರಿಕ ಕಾವಲು ತುಂಡುಗಳನ್ನು ಸೇರಿಸುವ ವಿಧಾನವನ್ನು 2012ರಲ್ಲಿ ಪ್ರಕಟಿಸಿತು.

ಇವುಗಳಲ್ಲಿಯೂ ರೀಬಿಲ್ಡ್‌ನ ಹಳೆಯ ತೊಡಕು ಬೇರೆ ರೂಪದಲ್ಲಿ ಮುಂದುವರಿದಿದೆ: ಒಂದು ತುಂಡನ್ನು ಮರಳಿ ಪಡೆಯಲು ಹಲವು ತುಂಡುಗಳನ್ನು ಜಾಲದ ಮೂಲಕ ತರಿಸಬೇಕು. ತರಿಸುವ ದತ್ತಾಂಶವನ್ನು ಗಣಿತದ ಮಿತಿಯವರೆಗೂ ತಗ್ಗಿಸುವ ಸಂಕೇತಗಳ ಸಂಶೋಧನೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಮುಖ ಸ್ಥಾನವಿದೆ. ಅಲ್ಲಿನ ಪಿ. ವಿಜಯ್ ಕುಮಾರ್ ಅವರ ತಂಡ ಇತರ ಸಂಸ್ಥೆಗಳ ಸಂಶೋಧಕರೊಡನೆ ರೂಪಿಸಿ 2018ರಲ್ಲಿ ಪ್ರಕಟಿಸಿದ ಕ್ಲೇ ಕೋಡ್, ಮುಕ್ತ ತಂತ್ರಾಂಶವಾದ ಸೆಫ್ ಸಂಗ್ರಹಣ ವ್ಯವಸ್ಥೆಯ ನಾಟಿಲಸ್ ಆವೃತ್ತಿಯಲ್ಲಿ 2019ರಲ್ಲಿ ಸೇರಿತು.